ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರ: ಕರಾವಳಿಯ ಡಿಗ್ರಿ ವಿದ್ಯಾರ್ಥಿಗಳಿಗೆ

ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಹೆಸರು ಪಟ್ಟಿಯ ಮೇಲ್ತುದಿಯಲ್ಲಿ ಇರುತ್ತದೆ. ಆ ಮಕ್ಕಳಲ್ಲಿ ಒಂದಷ್ಟು ಮಂದಿ ಅರ್ಥಶಾಸ್ತ್ರ ಆರಿಸಿಕೊಂಡು ಹಂಪನಕಟ್ಟೆಯಲ್ಲೋ ಕುಂಜಿಬೆಟ್ಟಿನಲ್ಲೋ ಡಿಗ್ರಿ ಸೇರುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಇಂಟರ್ನಲ್ಸ್ ಮುಗಿಯುವುದರೊಳಗೆ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಅದಕ್ಕೇ ಇಕನಾಮಿಕ್ಸ್ ತಲೆಗೆ ಹತ್ತುತ್ತಿಲ್ಲ. ಈ ತೀರ್ಮಾನ ಬಹುಪಾಲು ತಪ್ಪು. ತಪ್ಪಾದ ಕಾರಣವನ್ನು ಹಿಡಿದುಕೊಂಡವರು ಮೂರು ವರ್ಷ ತಪ್ಪಾದ ಔಷಧವನ್ನೇ ಕುಡಿಯುತ್ತಾರೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾರೆ, ಗೈಡಿನ ಉತ್ತರಗಳನ್ನು ಉರು ಹೊಡೆಯುತ್ತಾರೆ, ಅಂಕ ಮಾತ್ರ ಇದ್ದಲ್ಲೇ ಇರುತ್ತದೆ.

ಅಂಥವರ ಉತ್ತರಪತ್ರಿಕೆಯನ್ನು ಬಿಡಿಸಿ ನೋಡಿದರೆ ಅಂಕ ಹೋಗುವ ಜಾಗಗಳು ಬೇರೆಯೇ. ಡಯಾಗ್ರಾಂ ಇರುತ್ತದೆ, ಅಕ್ಷಗಳಿಗೆ ಹೆಸರಿರುವುದಿಲ್ಲ. ವ್ಯಾಖ್ಯೆ ಅಕ್ಷರಶಃ ಸರಿಯಿರುತ್ತದೆ, ಕೆಳಗಿನ ಉದಾಹರಣೆ ಅದಕ್ಕೆ ವಿರುದ್ಧವಾಗಿರುತ್ತದೆ. ಲೆಕ್ಕದಲ್ಲಿ ಶೇಕಡಾವಾರು ತೆಗೆಯುವಾಗ ಯಾವುದರಿಂದ ಭಾಗಿಸಬೇಕು ಎಂಬಲ್ಲೇ ಎಡವಿರುತ್ತಾರೆ. ಇವುಗಳಲ್ಲಿ ಒಂದೂ ಇಂಗ್ಲಿಷಿನ ದೋಷವಲ್ಲ. ಅರ್ಥಶಾಸ್ತ್ರದ ಪ್ರತಿಯೊಂದು ಪಾಠದಲ್ಲೂ ಒಂದು ಚಿತ್ರ, ಒಂದು ಲೆಕ್ಕ, ಒಂದಿಷ್ಟು ವಾಕ್ಯಗಳು ಹೆಣೆದುಕೊಂಡಿರುತ್ತವೆ. ತರಗತಿಯಲ್ಲಿ ಮೂರೂ ಒಟ್ಟಿಗೆ, ಹೊಸ ಭಾಷೆಯಲ್ಲಿ, ಒಂದು ತಾಸಿನಲ್ಲಿ ಬಂದು ಬೀಳುತ್ತವೆ. ಚಿತ್ರ ಮತ್ತು ಲೆಕ್ಕವನ್ನು ಮೊದಲು ನಮ್ಮದೇ ಭಾಷೆಯಲ್ಲಿ ಜೀರ್ಣಿಸಿಕೊಂಡರೆ ಉಳಿಯುವ ಇಂಗ್ಲಿಷ್ ಬಹಳ ಕಡಿಮೆ. ಅದೂ ಮತ್ತೆ ಮತ್ತೆ ಬರುವ ಕೆಲವೇ ಬಗೆಯ ವಾಕ್ಯಗಳ ಇಂಗ್ಲಿಷ್.

ಈ ಊರಿನ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಅವರು ಗಮನಿಸುವುದೇ ಇಲ್ಲ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ ಒಂದನೇ ತರಗತಿಯಲ್ಲಿ ಕನ್ನಡಕ್ಕೆ ಬಂದವರು ಇವರಲ್ಲಿ ತುಂಬ ಮಂದಿ. ಆಡುವ ಭಾಷೆ ಒಂದು, ಓದುವ ಭಾಷೆ ಇನ್ನೊಂದು ಎಂಬುದು ಅವರಿಗೆ ಹೊಸತೇ ಅಲ್ಲ. ಆಗ ಏನು ಮಾಡಿದ್ದರೋ ಈಗಲೂ ಅದನ್ನೇ ಮಾಡಬೇಕು: ವಿಷಯವನ್ನು ಗೊತ್ತಿರುವ ಭಾಷೆಯಲ್ಲಿ ಹಿಡಿದುಕೊಂಡು ಹೊಸ ಭಾಷೆಯಲ್ಲಿ ಹೇಳುವುದು.

ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ. ಮೊದಲ ಸೆಮಿಸ್ಟರಿನಲ್ಲಿ ಅತಿ ಹೆಚ್ಚು ಮಂದಿಗೆ ಕೈಕೊಡುವ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಎಲಾಸ್ಟಿಸಿಟಿ. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ: ಬೇಡಿಕೆಯ ಪ್ರಮಾಣದಲ್ಲಾದ ಶೇಕಡಾ ಬದಲಾವಣೆಯನ್ನು ಬೆಲೆಯಲ್ಲಾದ ಶೇಕಡಾ ಬದಲಾವಣೆಯಿಂದ ಭಾಗಿಸಬೇಕು. ಇದನ್ನು ಬಂಗುಡೆಗೆ ಅನ್ವಯಿಸಿ. ಒಂದು ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಇದ್ದಾಗ ದಿನಕ್ಕೆ 40 ಕಿಲೋ ಹೋಗುತ್ತಿತ್ತು, 250 ಆದಾಗ 30 ಕಿಲೋ ಹೋಯಿತು ಎಂದಿಟ್ಟುಕೊಳ್ಳಿ. ಬೆಲೆ 200ರ ಮೇಲೆ 50 ಏರಿದೆ, ಅಂದರೆ ಶೇ 25. ಪ್ರಮಾಣ 40ರಿಂದ 10 ಇಳಿದಿದೆ, ಅದೂ ಶೇ 25. ಎಲಾಸ್ಟಿಸಿಟಿ ಮೈನಸ್ 1. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ಕೆಳಗೆ ಗೆರೆ ಎಳೆಯುತ್ತಾರೆ.

ಈಗ ಅದೇ ಸಂಖ್ಯೆಗಳನ್ನು ತಿರುಗಿಸಿ. ಬೆಲೆ 250ರಿಂದ 200ಕ್ಕೆ ಇಳಿದರೆ ಬದಲಾವಣೆ ಶೇ 20. ಪ್ರಮಾಣ 30ರಿಂದ 40ಕ್ಕೆ ಏರಿದರೆ ಬದಲಾವಣೆ ಶೇ 33.3. ಎಲಾಸ್ಟಿಸಿಟಿ ಮೈನಸ್ 1.67. ಅದೇ ಅಂಗಡಿ, ಅದೇ ಗಿರಾಕಿಗಳು, ಅದೇ ಎರಡು ಬೆಲೆ, ಉತ್ತರ ಮಾತ್ರ ಎರಡು. ಕಾರಣ ಸರಳ: ಮೊದಲ ಸಲ 200 ಮತ್ತು 40ರಿಂದ ಭಾಗಿಸಿದೆವು, ಎರಡನೆಯ ಸಲ 250 ಮತ್ತು 30ರಿಂದ. ಈ ಗೊಂದಲ ತಪ್ಪಿಸಲೆಂದೇ ಮಿಡ್‌ಪಾಯಿಂಟ್ ವಿಧಾನ ಇರುವುದು. ಎರಡು ಬೆಲೆಗಳ ಸರಾಸರಿ 225, ಎರಡು ಪ್ರಮಾಣಗಳ ಸರಾಸರಿ 35. 10ನ್ನು 35ರಿಂದ ಭಾಗಿಸಿದರೆ ಶೇ 28.6, 50ನ್ನು 225ರಿಂದ ಭಾಗಿಸಿದರೆ ಶೇ 22.2. ಎಲಾಸ್ಟಿಸಿಟಿ ಸುಮಾರು ಮೈನಸ್ 1.29. ಯಾವ ದಿಕ್ಕಿನಿಂದ ಲೆಕ್ಕ ಹಾಕಿದರೂ ಇದೇ ಬರುತ್ತದೆ.

ಯಾವುದು ಸರಿ ಎಂದು ಪರೀಕ್ಷಿಸಲು ಅಂಗಡಿಯವರ ಗಲ್ಲಾಪೆಟ್ಟಿಗೆ ನೋಡಿ. 200 ಗುಣಿಸು 40, 8,000 ರೂಪಾಯಿ. 250 ಗುಣಿಸು 30, 7,500. ಬೆಲೆ ಏರಿದರೂ ವ್ಯಾಪಾರದ ಒಟ್ಟು ಹಣ 500 ಇಳಿಯಿತು. ಮೈನಸ್ ಚಿಹ್ನೆ ಬಿಟ್ಟು ನೋಡಿದರೆ, ಎಲಾಸ್ಟಿಸಿಟಿ ನಿಜಕ್ಕೂ 1 ಆಗಿದ್ದರೆ ಒಟ್ಟು ಹಣ ಬದಲಾಗಬಾರದಿತ್ತು. ಇಳಿದಿದೆ ಎಂದರೆ 1ಕ್ಕಿಂತ ಹೆಚ್ಚೇ ಇರಬೇಕು, ಮಿಡ್‌ಪಾಯಿಂಟ್ ಕೊಟ್ಟ 1.29 ಅದನ್ನೇ ಹೇಳುತ್ತದೆ. ಇಷ್ಟು ತಿಳಿದವರು ಟೋಟಲ್ ರೆವೆನ್ಯೂ ಟೆಸ್ಟ್ ಎಂಬ ಮುಂದಿನ ಪಾಠವನ್ನು ಆಗಲೇ ಮುಗಿಸಿದಂತೆ. ಇಡೀ ವಿಚಾರ ಕನ್ನಡದಲ್ಲೇ ನಡೆಯಿತು. ಪರೀಕ್ಷೆಯಲ್ಲಿ ಬರೆಯಬೇಕಾದ ಇಂಗ್ಲಿಷ್ ಮೂರೇ ವಾಕ್ಯ: ಬೆಲೆ ಏರಿತು, ಒಟ್ಟು ಆದಾಯ ಇಳಿಯಿತು, ಆದ್ದರಿಂದ ಈ ಅಂತರದಲ್ಲಿ ಬೇಡಿಕೆ ಎಲಾಸ್ಟಿಕ್ (1ಕ್ಕಿಂತ ಹೆಚ್ಚು; 1ಕ್ಕಿಂತ ಕಡಿಮೆ ಇದ್ದರೆ ಇನೆಲಾಸ್ಟಿಕ್).

ಎರಡನೆಯ ತೊಡಕು ಡಯಾಗ್ರಾಂ. ಮಂಗಳೂರು, ಮಲ್ಪೆಯ ಮೀನುಗಾರಿಕಾ ಧಕ್ಕೆಗಿಂತ ಒಳ್ಳೆಯ ಪಾಠಶಾಲೆ ಇದಕ್ಕೆ ಸಿಗುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಟ್ರಾಲ್ ಬೋಟುಗಳು ಲಂಗರು ಹಾಕುತ್ತವೆ, ನಾಡದೋಣಿಗಳು ಮಾತ್ರ ಇಳಿಯುತ್ತವೆ. ಮೀನಿನ ರೇಟು ಏರುತ್ತದೆ, ಜನ ಕಡಿಮೆ ಕೊಳ್ಳುತ್ತಾರೆ. ಇದನ್ನು ಬಿಡಿಸಿ ಎಂದರೆ ಹತ್ತರಲ್ಲಿ ಐದಾರು ಮಂದಿ ಪೂರೈಕೆ ರೇಖೆಯನ್ನು ಎಡಕ್ಕೆ ಸರಿಸಿದ ಮೇಲೆ, ಜನ ಕಡಿಮೆ ಕೊಂಡರಲ್ಲ ಎಂದು ಬೇಡಿಕೆ ರೇಖೆಯನ್ನೂ ಎಡಕ್ಕೆ ಸರಿಸುತ್ತಾರೆ. ಅಲ್ಲಿಗೆ ಉತ್ತರ ಕೆಟ್ಟಿತು. ಜನರಿಗೆ ಮೀನಿನ ಆಸೆ ಕಡಿಮೆಯಾಗಿಲ್ಲ, ಬೆಲೆ ಏರಿದ್ದಕ್ಕೆ ಅದೇ ರೇಖೆಯ ಮೇಲೆ ಮೇಲಕ್ಕೆ ಹೋಗಿದ್ದಾರೆ ಅಷ್ಟೆ. ರೇಖೆಯೇ ಸರಿಯುವುದು ಶಿಫ್ಟ್, ರೇಖೆಯ ಮೇಲೆ ಚಲಿಸುವುದು ಮೂವ್‌ಮೆಂಟ್. ಇಂಗ್ಲಿಷಿನಲ್ಲಿ ಬರೆಯುವಾಗ 'ಡಿಮಾಂಡ್' ಎಂದರೆ ಇಡೀ ರೇಖೆ, 'ಕ್ವಾಂಟಿಟಿ ಡಿಮಾಂಡೆಡ್' ಎಂದರೆ ರೇಖೆಯ ಮೇಲಿನ ಒಂದು ಬಿಂದು. ಈ ಒಂದು ಎಚ್ಚರ ಇದ್ದರೆ ಸೂಕ್ಷ್ಮ ಅರ್ಥಶಾಸ್ತ್ರದ ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲ.

ಜೂನ್ ಅರ್ಧ ಕಳೆದ ಮೇಲೆ ಇನ್ನೊಂದು ಸಂಗತಿ ನಡೆಯುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅದು ಮುಗಿದ ಮೇಲೆ ತಮಿಳುನಾಡಿನ ಕಡೆಯಿಂದ ಐಸ್ ಹಾಕಿದ ಮೀನು ಲಾರಿಗಳಲ್ಲಿ ಬರಲು ದಾರಿ ತೆರೆಯುತ್ತದೆ. ಎಡಕ್ಕೆ ಸರಿದಿದ್ದ ಪೂರೈಕೆ ರೇಖೆ ಸ್ವಲ್ಪ ಬಲಕ್ಕೆ ಮರಳುತ್ತದೆ, ಪೂರ್ತಿ ಮರಳುವುದಿಲ್ಲ, ಏಕೆಂದರೆ ಸಾಗಣೆಯ ಖರ್ಚು ಸೇರಿಕೊಂಡಿರುತ್ತದೆ. ಪಠ್ಯದಲ್ಲಿ ಬರುವ 'ಬೇರೆಲ್ಲ ಅಂಶಗಳು ಬದಲಾಗದಿದ್ದರೆ' ಎಂಬ ಷರತ್ತು ಏಕೆ ಬೇಕು ಎನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇನ್ನು ಆಗಸ್ಟ್ ತಿಂಗಳನ್ನು ತೆಗೆದುಕೊಳ್ಳಿ, ಇದು ಪರೀಕ್ಷೆಗೆ ಹೇಳಿ ಮಾಡಿಸಿದ ಪ್ರಶ್ನೆ. ಬೋಟುಗಳು ಕಡಲಿಗಿಳಿದವು, ಪೂರೈಕೆ ಬಲಕ್ಕೆ. ಅದೇ ಹೊತ್ತಿಗೆ ಶ್ರಾವಣ, ಚೌತಿ ಎಂದು ಮೀನು ಬಿಡುವ ಮನೆಗಳು ಹಲವು, ಬೇಡಿಕೆ ಎಡಕ್ಕೆ. ಬೆಲೆ ಏನಾಗುತ್ತದೆ? ಎರಡೂ ಬೆಲೆಯನ್ನು ಕೆಳಗೇ ಎಳೆಯುತ್ತವೆ, ಆದ್ದರಿಂದ ಇಳಿಯುವುದು ಖಂಡಿತ. ಮಾರಾಟವಾಗುವ ಪ್ರಮಾಣ? ಒಂದು ಹೆಚ್ಚಿಸುತ್ತದೆ, ಇನ್ನೊಂದು ತಗ್ಗಿಸುತ್ತದೆ, ಯಾವ ರೇಖೆ ಎಷ್ಟು ಸರಿಯಿತು ಎಂದು ತಿಳಿಯದೆ ಹೇಳಲು ಬರುವುದಿಲ್ಲ. 'ಇನ್‌ಡಿಟರ್ಮಿನೇಟ್' ಎಂದು ಬರೆಯಲು ವಿದ್ಯಾರ್ಥಿಗಳು ಹೆದರುತ್ತಾರೆ, ಉತ್ತರ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ ಆಗುತ್ತದೆಂದು. ಇಲ್ಲಿ ಅದೇ ಸರಿಯಾದ ಉತ್ತರ. ಕಾರಣ ಕೊಟ್ಟು ಬರೆದರೆ ಪೂರ್ತಿ ಅಂಕ.

ಚಿತ್ರ ಬಿಡಿಸುವ ಕ್ರಮವೂ ಕೈಗೆ ಹತ್ತಬೇಕು. ಮೊದಲು ಎರಡು ಅಕ್ಷ, ತಕ್ಷಣವೇ ಅವುಗಳ ಹೆಸರು: ಲಂಬದಲ್ಲಿ ಬೆಲೆ, ಅಡ್ಡದಲ್ಲಿ ಪ್ರಮಾಣ. ಆಮೇಲೆ ಹಳೆಯ ಎರಡು ರೇಖೆ, ಅವು ಕೂಡುವ ಬಿಂದುವಿಗೆ ಇ1, ಅಲ್ಲಿಂದ ಎರಡೂ ಅಕ್ಷಕ್ಕೆ ಚುಕ್ಕಿಗೆರೆ. ನಂತರ ಹೊಸ ರೇಖೆ, ಯಾವ ಕಡೆ ಸರಿಯಿತು ಎಂಬುದಕ್ಕೆ ಬಾಣ, ಹೊಸ ಬಿಂದುವಿಗೆ ಇ2, ಮತ್ತೆ ಚುಕ್ಕಿಗೆರೆ. ಚಿತ್ರ ಅರ್ಧ ಪುಟದಷ್ಟು ದೊಡ್ಡದಿರಲಿ. ಪುಟದ ಮೂಲೆಯಲ್ಲಿ ಅಂಚೆಚೀಟಿಯಷ್ಟು ಬಿಡಿಸಿದರೆ ಚುಕ್ಕಿಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಕೆಳಗಿನ ವಿವರಣೆ ಚಿತ್ರದ ಕ್ರಮದಲ್ಲೇ ಸಾಗಬೇಕು: ಮೊದಲ ಸಮತೋಲನ ಎಲ್ಲಿತ್ತು, ಏನು ಬದಲಾಯಿತು, ಯಾವ ರೇಖೆ ಎತ್ತ ಸರಿಯಿತು, ಹಳೆಯ ಬೆಲೆಯಲ್ಲಿ ಕೊರತೆ ಉಂಟಾಯಿತೋ ಮಿಗತೆಯೋ, ಬೆಲೆ ಎತ್ತ ಹೋಯಿತು, ಹೊಸ ಸಮತೋಲನ ಎಲ್ಲಿ. ಆರು ವಾಕ್ಯ ಸಾಕು. ಕೊರತೆ–ಮಿಗತೆಯ ವಾಕ್ಯವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಬೆಲೆ ಏಕೆ ಬದಲಾಯಿತು ಎನ್ನುವುದಕ್ಕೆ ಇರುವ ಕಾರಣವೇ ಅದು, ಬಿಡಬಾರದು.

ಪಿಯುಸಿಯಲ್ಲಿ ಗಣಿತ ಓದಿದವರಿಗೆ ಒಂದು ಬೇರೆ ಗೊಂದಲ. ಗಣಿತದಲ್ಲಿ ಯಾವುದು ಇನ್ನೊಂದನ್ನು ಅವಲಂಬಿಸಿದೆಯೋ ಅದು ಲಂಬ ಅಕ್ಷಕ್ಕೆ ಹೋಗುತ್ತದೆ. ಇಲ್ಲಿ ಪ್ರಮಾಣ ಬೆಲೆಯನ್ನು ಅವಲಂಬಿಸಿದ್ದರೂ ಬೆಲೆಯೇ ಲಂಬದಲ್ಲಿದೆ. ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಗಟ್ಟಿಯಾದ ರೂಢಿ ಇದು. ಪ್ರಮಾಣ = 100 − 2 × ಬೆಲೆ ಎಂದು ಕೊಟ್ಟರೆ, ಚಿತ್ರಕ್ಕಾಗಿ ಅದನ್ನು ತಿರುಗಿಸಿ ಬೆಲೆ = 50 − ಪ್ರಮಾಣದ ಅರ್ಧ ಎಂದು ಬರೆದುಕೊಳ್ಳಿ. ರೇಖೆ ಲಂಬ ಅಕ್ಷವನ್ನು 50ರಲ್ಲೂ ಅಡ್ಡ ಅಕ್ಷವನ್ನು 100ರಲ್ಲೂ ಮುಟ್ಟುತ್ತದೆ, ಇಳಿಜಾರು ಮೈನಸ್ ಅರ್ಧ. ಮೈನಸ್ 2 ಎಂದು ಬರೆದರೆ ತಪ್ಪು. ನಟ್ಟನಡುವಿನ ಬಿಂದುವಿನಲ್ಲಿ, ಅಂದರೆ ಬೆಲೆ 25, ಪ್ರಮಾಣ 50 ಇರುವಲ್ಲಿ, ಎಲಾಸ್ಟಿಸಿಟಿ ಸರಿಯಾಗಿ ಮೈನಸ್ 1. ಅದಕ್ಕಿಂತ ಮೇಲೆ ಎಲಾಸ್ಟಿಕ್, ಕೆಳಗೆ ಇನೆಲಾಸ್ಟಿಕ್. ನೇರ ರೇಖೆಯಲ್ಲಿ ಇಳಿಜಾರು ಎಲ್ಲೆಡೆ ಒಂದೇ, ಎಲಾಸ್ಟಿಸಿಟಿ ಮಾತ್ರ ಬಿಂದುವಿನಿಂದ ಬಿಂದುವಿಗೆ ಬೇರೆ.

ವೆಚ್ಚದ ಪಾಠಕ್ಕೆ ಮತ್ತೆ ಧಕ್ಕೆಗೇ ಹೋಗಬೇಕು. ಬೋಟಿನ ಸಾಲದ ಕಂತು, ವಿಮೆ ಇವು ಬೋಟು ಹೊರಟರೂ ಹೊರಡದಿದ್ದರೂ ಕಟ್ಟಬೇಕಾದವು. ಡೀಸೆಲ್, ಐಸ್, ಕಲಾಸಿಗಳ (ಬೋಟಿನ ಕೆಲಸಗಾರರ) ಖರ್ಚು ಹೊರಟರೆ ಮಾತ್ರ, ಅದೇ ಬದಲಾಗುವ ವೆಚ್ಚ. ಒಂದು ಟ್ರಿಪ್ಪಿನ ಲೆಕ್ಕಕ್ಕೆ ಕಂತು–ವಿಮೆಯ ಪಾಲು 40,000, ಹೊರಟರೆ ತಗಲುವ ಖರ್ಚು 1 ಲಕ್ಷ ಎಂದು ಊಹಿಸಿ. 1.2 ಲಕ್ಷದ ಮೀನು ಸಿಗುವ ಅಂದಾಜಿದ್ದರೆ ಒಟ್ಟಾರೆ 20,000 ನಷ್ಟ. ಆದರೂ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ, ಬೋಟು ಬಿಡುತ್ತಾನೆ, ಬಿಡದಿದ್ದರೆ ನಷ್ಟ 40,000. ಸಿಗುವುದು 90,000 ಮಾತ್ರ ಎಂದಾದರೆ ಹೊರಟರೆ 50,000 ನಷ್ಟ, ನಿಂತರೆ 40,000. ಆಗ ಬೋಟು ದಡದಲ್ಲೇ ಉಳಿಯುತ್ತದೆ. ಡೀಸೆಲ್ ದುಬಾರಿಯಾಗಿ ಮೀನು ಕಡಿಮೆಯಾದ ವರ್ಷಗಳಲ್ಲಿ ಋತುವಿನ ನಡುವೆಯೇ ಬೋಟುಗಳು ನಿಲ್ಲುವುದು ಇದೇ ಲೆಕ್ಕದಿಂದ. ಅಲ್ಪಾವಧಿಯಲ್ಲಿ ಬೆಲೆ ಸರಾಸರಿ ಬದಲಾಗುವ ವೆಚ್ಚಕ್ಕಿಂತ ಕೆಳಗಿಳಿದರೆ ಮಾತ್ರ ಉತ್ಪಾದನೆ ನಿಲ್ಲಿಸಬೇಕು ಎಂಬ ಶಟ್‌ಡೌನ್ ನಿಯಮವನ್ನು ಇಂಗ್ಲಿಷಿನಲ್ಲಿ ನೂರು ಸಲ ಓದಿಯೂ ಮರೆಯುವವರು, ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ.

ಕ್ಯಾಲ್ಕುಲಸ್ ಎಂದರೆ ಬೆವರುವವರಿಗೆ ಇಷ್ಟು ಹೇಳಬಹುದು: ಮೊದಲ ಎರಡು ವರ್ಷಕ್ಕೆ ಬೇಕಾಗುವುದು ಘಾತದ ನಿಯಮ, ಗುಣಾಕಾರದ ನಿಯಮ, ಭಾಗಾಕಾರದ ನಿಯಮ, ಆಂಶಿಕ ಅವಕಲನ, ಇಷ್ಟೇ. ಉತ್ಪಾದನೆಯ ಪ್ರಮಾಣ ಕ್ಯೂ ಆಗಿದ್ದು ಒಟ್ಟು ವೆಚ್ಚ 100 + 10 ಕ್ಯೂ + ಕ್ಯೂ ವರ್ಗ ಎಂದಿದ್ದರೆ ಮಾರ್ಜಿನಲ್ ಕಾಸ್ಟ್, ಅಂದರೆ ಇನ್ನೊಂದು ಘಟಕ ಉತ್ಪಾದಿಸಲು ತಗಲುವ ವೆಚ್ಚ, 10 + 2 ಕ್ಯೂ. ಸರಾಸರಿ ವೆಚ್ಚ ಅತಿ ಕಡಿಮೆ ಇರುವುದು ಕ್ಯೂ 10 ಆದಾಗ, ಅಲ್ಲಿ ಅದು 30. ಮಾರ್ಜಿನಲ್ ಕಾಸ್ಟ್ ಕೂಡ ಅಲ್ಲಿ 30. ಮಾರ್ಜಿನಲ್ ರೇಖೆ ಸರಾಸರಿ ರೇಖೆಯನ್ನು ಅದರ ತಳದಲ್ಲೇ ಕತ್ತರಿಸುತ್ತದೆ ಎಂಬ ಮಾತು ಹೀಗೆ ಸಂಖ್ಯೆಯಲ್ಲಿ ಕಾಣುತ್ತದೆ. ಸಂಖ್ಯಾಶಾಸ್ತ್ರಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕೊಡಿ, ಮುಂದೆ ಇಕಾನೊಮೆಟ್ರಿಕ್ಸ್ (ಅಂಕಿಅಂಶಗಳಿಂದ ಸಿದ್ಧಾಂತವನ್ನು ಪರೀಕ್ಷಿಸುವ ಶಾಖೆ) ನಿಲ್ಲುವುದು ಅದರ ಮೇಲೆ.

ಇನ್ನು ಇಂಗ್ಲಿಷ್. ನಿಜವಾಗಿ ಭಾಷೆಯಿಂದಲೇ ಅಂಕ ಹೋಗುವ ಜಾಗಗಳು ಎರಡು. ಮೊದಲನೆಯದು 'ರೈಸ್ ಬೈ', 'ರೈಸ್ ಟು' ಎಂಬ ವ್ಯತ್ಯಾಸ, ಅದರ ಬೆನ್ನಿಗೇ ಶೇಕಡಾ ಮತ್ತು ಶೇಕಡಾ ಅಂಶ. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು (ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರವನ್ನು) ಶೇ 4ರಿಂದ ಶೇ 4.40ಕ್ಕೆ ಏರಿಸಿತು. 4.40 'ಕ್ಕೆ' ಏರಿತು, 0.40 ಶೇಕಡಾ ಅಂಶ'ದಷ್ಟು' ಏರಿತು, ಅಂದರೆ 40 ಬೇಸಿಸ್ ಪಾಯಿಂಟ್. ಅದೇ ಏರಿಕೆ ಮೂಲ ದರದ ಶೇ 10. 'ರೆಪೋ ದರ ಶೇ 0.40 ಏರಿತು' ಎಂದು ಬರೆದರೆ ದರ 4.016 ಆಯಿತು ಎಂದು ಅರ್ಥ. ಕನ್ನಡದ ವಿಭಕ್ತಿ ಪ್ರತ್ಯಯವೇ ಈ ವ್ಯತ್ಯಾಸವನ್ನು ಹೊರುತ್ತದೆ, ಇಂಗ್ಲಿಷಿನಲ್ಲಿ ಅದನ್ನು ಹೊರುವುದು ಎರಡಕ್ಷರದ ಪುಟ್ಟ ಪದ. ಓದುವಾಗ ಕಣ್ಣು ಅದನ್ನು ದಾಟಿಹೋಗುತ್ತದೆ, ಹಾಗಾಗಿ ಪೆನ್ಸಿಲಿನಲ್ಲಿ ಸುತ್ತುಹಾಕಿ ಓದುವ ರೂಢಿ ಮಾಡಿಕೊಳ್ಳಿ.

ಎರಡನೆಯದು ಪ್ರಶ್ನೆಯ ಮೊದಲ ಪದ. 'ಡಿಸ್ಟಿಂಗ್ವಿಶ್' ಎಂದರೆ ಎರಡನ್ನೂ ಒಂದೇ ಅಂಶದ ಮೇಲೆ ಎದುರುಬದುರು ಇಡಬೇಕು. ಮೊದಲು ಒಂದರ ಬಗ್ಗೆ ಅರ್ಧ ಪುಟ, ಆಮೇಲೆ ಇನ್ನೊಂದರ ಬಗ್ಗೆ ಅರ್ಧ ಪುಟ ಬರೆದರೆ ವ್ಯತ್ಯಾಸ ಹೇಳಿದಂತಾಗಲಿಲ್ಲ. 'ಇಲಸ್ಟ್ರೇಟ್' ಎಂದಿದ್ದರೆ ಚಿತ್ರ ಅಥವಾ ಸಂಖ್ಯೆಯ ಉದಾಹರಣೆ ಇಲ್ಲದೆ ಉತ್ತರವಿಲ್ಲ. 'ಡಿರೈವ್' ಎಂದರೆ ಹೆಜ್ಜೆಗಳು ಬೇಕು, ಕೊನೆಯ ಸೂತ್ರ ಮಾತ್ರ ಸಾಲದು. 'ಕ್ರಿಟಿಕಲಿ ಎಕ್ಸಾಮಿನ್' ಬಂದಾಗ ಸಿದ್ಧಾಂತದ ಊಹೆಗಳು ಯಾವುವು, ಯಾವ ಊಹೆ ಮುರಿದರೆ ತೀರ್ಮಾನ ಮುರಿಯುತ್ತದೆ ಎಂಬುದನ್ನು ಹೇಳಬೇಕು. ಇಲ್ಲಿ ನಮ್ಮವರು ಅರ್ಥಶಾಸ್ತ್ರಜ್ಞ ಕೀನ್ಸ್ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಸುರಿದುಬಿಡುತ್ತಾರೆ, ಪ್ರಶ್ನೆಗೆ ಉತ್ತರ ಮಾತ್ರ ಬಂದಿರುವುದಿಲ್ಲ. ವಾಕ್ಯಗಳು ಚಿಕ್ಕದಿರಲಿ, ವರ್ತಮಾನ ಕಾಲದಲ್ಲಿರಲಿ. ಒಂದು ವಾಕ್ಯ, ಒಂದು ಕಾರಣ. ಭಾರೀ ಪದಗಳಿಗೆ ಯಾರೂ ಅಂಕ ಕೊಡುವುದಿಲ್ಲ.

ಸಮಗ್ರ ಅರ್ಥಶಾಸ್ತ್ರಕ್ಕೆ ಬಂದರೆ, ಹಣ ಮತ್ತು ಬ್ಯಾಂಕಿಂಗ್ ಪಾಠವನ್ನು ಈ ಎರಡು ಜಿಲ್ಲೆಗಳಲ್ಲಿ ಕುಳಿತು ಬಾಯಿಪಾಠ ಮಾಡುವುದು ನಿಜಕ್ಕೂ ನೋವಿನ ಸಂಗತಿ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದರು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ನೆಲೆ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟಿನವರು 1928ರಲ್ಲಿ ಶುರುಮಾಡಿದ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುತ್ತಿದ್ದರು. ಸಣ್ಣ ಉಳಿತಾಯ ಹೇಗೆ ಬಂಡವಾಳವಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ವಿದೇಶಿ ಪಠ್ಯದಲ್ಲಿ ಸಿಗದು. 1969 ಮತ್ತು 1980ರ ರಾಷ್ಟ್ರೀಕರಣ, 2019 ಮತ್ತು 2020ರ ವಿಲೀನಗಳು ಎರಡೂ ಈ ಊರಿನ ಬ್ಯಾಂಕುಗಳನ್ನು ನೇರವಾಗಿ ಮುಟ್ಟಿದವು. ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿತು. ಬ್ಯಾಂಕಿಂಗ್ ಸುಧಾರಣೆಯ ಮೇಲೆ ಪ್ರಶ್ನೆ ಬಂದಾಗ ಇವನ್ನು ಇಸವಿ ಸಮೇತ ಬರೆದ ಉತ್ತರ ಗೈಡಿನ ಉತ್ತರಗಳ ನಡುವೆ ಎದ್ದು ಕಾಣುತ್ತದೆ.

ಅದೇ ಪಾಠದ ಮನಿ ಮಲ್ಟಿಪ್ಲೈಯರ್, ಅಂದರೆ ಹಣದ ಗುಣಕದ ಬಗ್ಗೆ ಒಂದು ಎಚ್ಚರಿಕೆ. ಠೇವಣಿಯಲ್ಲಿ ಬ್ಯಾಂಕ್ ತೆಗೆದಿಡಬೇಕಾದ ಮೀಸಲು ಶೇ 10 ಎಂದಿಟ್ಟುಕೊಂಡರೆ 1,000 ರೂಪಾಯಿ ಠೇವಣಿಯಿಂದ 900 ಸಾಲ ಹೋಗುತ್ತದೆ. ಅದು ಇನ್ನೊಂದು ಖಾತೆಗೆ ಠೇವಣಿಯಾಗಿ ಬಂದು 810 ಸಾಲ, ಮತ್ತೆ 729. ಹೀಗೆ ಮುಂದುವರಿದು ಒಟ್ಟು ಠೇವಣಿ 10,000ಕ್ಕೆ ಮುಟ್ಟುತ್ತದೆ. ಒಂದೇ ಬ್ಯಾಂಕ್ ಅದೇ ಹಣವನ್ನು ಹತ್ತು ಸಲ ಸಾಲ ಕೊಡುತ್ತದೆ ಎಂದು ಬರೆಯುವವರಿದ್ದಾರೆ, ಅದು ತಪ್ಪು. ಹಿಗ್ಗುವುದು ಇಡೀ ಬ್ಯಾಂಕಿಂಗ್ ವ್ಯವಸ್ಥೆ. ಈಗ ಇದನ್ನು ಭಾರತಕ್ಕೆ ಹಚ್ಚಿ. ನಗದು ಮೀಸಲು ಶೇ 4 ಇದ್ದಾಗ ಸೂತ್ರದ ಪ್ರಕಾರ ಗುಣಕ 25 ಆಗಬೇಕಿತ್ತು. ವಾಸ್ತವದಲ್ಲಿ ಅದು ಐದಾರರ ಆಸುಪಾಸಿನಲ್ಲಿದೆ. ಏಕೆಂದರೆ ಸಾಲವಾಗಿ ಹೊರಬಂದ ಹಣವೆಲ್ಲ ಬ್ಯಾಂಕಿಗೆ ಮರಳುವುದಿಲ್ಲ, ದೊಡ್ಡ ಪಾಲು ನೋಟುಗಳಾಗಿ ಜನರ ಕೈಯಲ್ಲೇ ಉಳಿಯುತ್ತದೆ. ಮಾದರಿ ಹೇಳುವುದಕ್ಕೂ ನಡೆಯುವುದಕ್ಕೂ ಇರುವ ಈ ಅಂತರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಅಭ್ಯಾಸವೇ ಅರ್ಥಶಾಸ್ತ್ರದ ಓದಿನಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಎರಡು ಭಾಷೆಗಳ ನಡುವೆ ಓಡಾಡಲು ಪುಕ್ಕಟೆಯಾಗಿ ಸಿಗುವ ಒಳ್ಳೆಯ ಸಾಧನ ರಾಜ್ಯ ಸರ್ಕಾರದ್ದೇ. ಕರ್ನಾಟಕದ ಬಜೆಟ್ ಭಾಷಣ ಮತ್ತು ಆರ್ಥಿಕ ಸಮೀಕ್ಷೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರಕಟವಾಗುತ್ತವೆ. ಮೀನುಗಾರಿಕೆ ಅಥವಾ ತೋಟಗಾರಿಕೆಯ ಭಾಗವನ್ನು ಮೊದಲು ಕನ್ನಡದಲ್ಲಿ ಓದಿ, ಅದೇ ಭಾಗವನ್ನು ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ ಐದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಿರಿ. ಸಂಖ್ಯೆಗಳು ಎರಡರಲ್ಲೂ ಒಂದೇ ಇರುವುದರಿಂದ ಅರ್ಥ ತಪ್ಪಿದರೆ ತಕ್ಷಣ ಸಿಕ್ಕಿಬೀಳುತ್ತದೆ. ವಾರಕ್ಕೆ ಎರಡು ಪುಟ ಸಾಕು. ಪಿಯು ಅರ್ಥಶಾಸ್ತ್ರದ ಪಠ್ಯವೂ ಎರಡು ಭಾಷೆಯಲ್ಲಿದೆ. ಕನ್ನಡದ ಪ್ರತಿಯನ್ನು ರದ್ದಿಗೆ ಹಾಕದೆ ಮೊದಲ ವರ್ಷ ಪಕ್ಕದಲ್ಲಿಟ್ಟುಕೊಳ್ಳುವುದು ಲಾಭದ ಕೆಲಸ. ಇಡೀ ಪಾಠವನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದುವುದನ್ನು ಮಾತ್ರ ಮಾಡಬೇಡಿ. ಯಂತ್ರ ಪಾರಿಭಾಷಿಕ ಪದಗಳನ್ನು ಒಂದೊಂದು ಕಡೆ ಒಂದೊಂದು ರೀತಿ ತಿರುಗಿಸುತ್ತದೆ, ಎರಡು ಪುಟದೊಳಗೆ ಎಳೆ ತಪ್ಪುತ್ತದೆ.

ಮೇಷ್ಟರುಗಳ ಕಡೆಗೂ ಒಂದು ಮಾತು ಹೇಳಬೇಕು. ನೋಟ್ಸ್ ಡಿಕ್ಟೇಟ್ ಮಾಡುವ ಪದ್ಧತಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಹಾಯ ಎಂದು ನಂಬಿ ನಡೆಸಿಕೊಂಡು ಬರುತ್ತಿದ್ದೇವೆ. ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡುವುದು ಅದೇ. ಬರೆದುಕೊಳ್ಳುವ ಆತುರದಲ್ಲಿ ಮಗು ಒಂದೂ ಪ್ರಶ್ನೆ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುವಿ ಬಂದರೆ, ಉದಾಹರಣೆಗೆ ಸಬ್ಸಿಡಿಯ ಬದಲು ತೆರಿಗೆ ಎಂದಾದರೆ, ಉರು ಹೊಡೆದ ಉತ್ತರ ಹಾಗೆಯೇ ಹೊರಬರುತ್ತದೆ, ರೇಖೆ ತಪ್ಪು ದಿಕ್ಕಿಗೆ ಸರಿಯುತ್ತದೆ. ಹತ್ತು ನಿಮಿಷ ಕನ್ನಡದಲ್ಲೋ ತುಳುವಿನಲ್ಲೋ ಚರ್ಚೆ, ಹತ್ತು ನಿಮಿಷ ಬೋರ್ಡಿನ ಮೇಲೆ ಚಿತ್ರ, ಕೊನೆಗೆ ಆರು ಇಂಗ್ಲಿಷ್ ವಾಕ್ಯವನ್ನು ಮಕ್ಕಳಿಂದಲೇ ಕಟ್ಟಿಸುವುದು. ಅದಕ್ಕೆ ಬೇರೆ ಅನುದಾನ ಬೇಡ, ಪಾಠದ ಅವಧಿಯಲ್ಲೇ ಆಗುತ್ತದೆ. ಇನ್ನು ವಿದ್ಯಾರ್ಥಿಗಳು, ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂಬುದನ್ನೂ ಮೊದಲ ವಾರವೇ ವಿಭಾಗದಲ್ಲಿ ಕೇಳಿಕೊಳ್ಳಿ. ಮುಂದೆ ಎಂಎ ಮಾಡುವ ಮನಸ್ಸಿದ್ದವರು ಅವಕಾಶವಿದ್ದರೂ ಇಂಗ್ಲಿಷಿನಲ್ಲೇ ಬರೆದು ಅಭ್ಯಾಸ ಮಾಡುವುದು ಒಳ್ಳೆಯದು.

ಎಂಎ ಎಂದಾಗ ದಾರಿಗಳ ಬಗ್ಗೆ ಚುಟುಕಾಗಿ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ವಿಭಾಗವಿದೆ, ಬೆಂಗಳೂರಿನಲ್ಲಿ ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ವಿಶ್ವವಿದ್ಯಾಲಯವಿದೆ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. 2021ರಿಂದ ಐಐಟಿಗಳ ಸ್ನಾತಕೋತ್ತರ ಪ್ರವೇಶದ ಜ್ಯಾಮ್ ಪರೀಕ್ಷೆಯಲ್ಲೂ ಇಕನಾಮಿಕ್ಸ್ ಪತ್ರಿಕೆ ಇದೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಇಕನಾಮಿಕ್ ಸರ್ವೀಸ್‌ಗೆ ಸ್ನಾತಕೋತ್ತರ ಪದವಿ ಬೇಕು. ಜ್ಯಾಮ್ ಬರೆಯುವವರು ಗಣಿತ, ಸಂಖ್ಯಾಶಾಸ್ತ್ರವನ್ನು ಎರಡನೇ ವರ್ಷದಿಂದಲೇ ಗಟ್ಟಿ ಮಾಡಿಕೊಳ್ಳಬೇಕು. ಕೊನೆಯ ವರ್ಷಕ್ಕೆ ಮುಂದೂಡಿದರೆ ಸೆಮಿಸ್ಟರ್ ಪರೀಕ್ಷೆ, ಪ್ರಾಜೆಕ್ಟ್ ಎರಡೂ ಮೈಮೇಲೆ ಬೀಳುತ್ತವೆ.

ಪ್ರಾಜೆಕ್ಟ್ ಮಾತು ಬಂತಲ್ಲ, ಅದರಲ್ಲಿ ಆಗುವ ಅನ್ಯಾಯವನ್ನೂ ಹೇಳಿಬಿಡುತ್ತೇನೆ. ಜಾಗತೀಕರಣದ ಪರಿಣಾಮಗಳು ಎಂಬಂಥ ಭಾರೀ ಶೀರ್ಷಿಕೆ ಇಟ್ಟು ಇಂಟರ್ನೆಟ್ಟಿನಿಂದ ನಲವತ್ತು ಪುಟ ತುಂಬಿಸುವವರೇ ಹೆಚ್ಚು. ಅದರ ಬದಲು ಪುತ್ತೂರಿನ ಕಡೆಯವರು ಅಡಿಕೆಯನ್ನು ತೆಗೆದುಕೊಳ್ಳಬಹುದು. 1973ರಲ್ಲಿ ಹುಟ್ಟಿದ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಇದೆ, ಖಾಸಗಿ ವ್ಯಾಪಾರಿಗಳಿದ್ದಾರೆ, ಬೆಳೆಗಾರ ಯಾರಿಗೆ ಯಾವಾಗ ಏಕೆ ಮಾರುತ್ತಾನೆ ಎಂಬುದು ಸ್ವತಂತ್ರ ಪ್ರಶ್ನೆ. ಮೂವತ್ತು ಬೆಳೆಗಾರರನ್ನು ಮಾತಾಡಿಸಿ, ಎಲ್ಲರನ್ನೂ ಒಂದೇ ಸಂತೆಯಲ್ಲಿ ಹಿಡಿಯಬೇಡಿ. ಸಂತೆಗೆ ಬರುವವರು ಮಾರಲು ತೀರ್ಮಾನಿಸಿಯೇ ಬಂದವರು, ದಾಸ್ತಾನು ಇಟ್ಟುಕೊಂಡು ಕಾಯುವವರು ಅಲ್ಲಿ ಸಿಗುವುದೇ ಇಲ್ಲ. ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ತಯಾರಿಸಿ, ಅಲ್ಲಿ ನಿಂತು ತುಳುವಿಗೆ ತಿರುಗಿಸುತ್ತ ಕೇಳಿದರೆ ಪ್ರತಿ ಮನೆಯಲ್ಲೂ ಪ್ರಶ್ನೆ ಬೇರೆಯಾಗುತ್ತದೆ. ಮೊದಲೇ ಕನ್ನಡ ಅಥವಾ ತುಳುವಿನಲ್ಲಿ ಬರೆದುಕೊಂಡು ಎಲ್ಲರಿಗೂ ಅದೇ ಪದಗಳಲ್ಲಿ ಕೇಳಿ. ಆದಾಯ ಎಷ್ಟು ಎಂದು ನೇರವಾಗಿ ಕೇಳಿದರೆ ಉತ್ತರ ಬರುವುದಿಲ್ಲ. ಎಷ್ಟು ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದಿರಿ, ಯಾವ ತಿಂಗಳಲ್ಲಿ, ಕಿಲೋಗೆ ಎಷ್ಟಕ್ಕೆ ಎಂದು ಬಿಡಿಸಿ ಕೇಳಿದರೆ ಬರುತ್ತದೆ, ಗುಣಾಕಾರವನ್ನು ಮನೆಗೆ ಬಂದು ನೀವೇ ಮಾಡಿಕೊಳ್ಳಿ.